ಖಾಲಿ ಗಾಡಿಯ ಎಂಟು

"ಹಿಂದೆ ನಿಮ್ಮಜ್ಜನ ಮೆರವಣಿಗೆ ಬರ್ತಿದೆಯೇನೋ, ಬೋಳಿಮಗನೆ? ಅಷ್ಟೊಂದು ಯಾಕೋ ತಿರುಗಿಸ್ತೀಯ?"

ಇನ್ಸ್‌ಪೆಕ್ಟರ್ ಸಾಹೇಬರು ಕುರ್ಚಿಯಿಂದ ಏಳದೆಯೇ ಬೈದರು. ಅವರು ಎದ್ದು ನಿಂತು ಬೈಯುವಷ್ಟು ದೊಡ್ಡ ಮನುಷ್ಯರು ನಾವಲ್ಲ. ಲೈಸೆನ್ಸ್ ಕಚೇರಿಯ ಅಂಗಳದಲ್ಲಿ ಸುಣ್ಣದಿಂದ ದೊಡ್ಡದೊಂದು ಎಂಟು ಬರೆದು ಅಂಚಿಗೆಲ್ಲ ಕೋಲು ನೆಟ್ಟಿದ್ದರು. ಎರಡನೆಯ ತಿರುವಿನ ಒಳಗಿನ ಕೋಲು ಭಾವನ ಗಾಡಿಯ ಚಕ್ರದಡಿ ಮುರಿದು ಬಿದ್ದಿತ್ತು. ಮೂರು ವಾರದಲ್ಲಿ ಮೂರು ಪರೀಕ್ಷೆ, ಮೂರು ಸಲವೂ ಅದೇ ಜಾಗದ ಕೋಲು. ಕೋಲಿಗೂ ಭಾವನಿಗೂ ಹಳೆಯ ದ್ವೇಷ ಇರಬೇಕು ಎಂದು ಅಕ್ಕ ಮನೆಯಲ್ಲಿ ನಗಾಡಿದ್ದಳು.

ಕೆಟ್ಟು ನಿಂತ, ಹಳ್ಳಕ್ಕೆ ಬಿದ್ದ ವಾಹನಗಳನ್ನು ಎತ್ತಿ ಎಳೆದು ತರುವುದು ನಮ್ಮ ಕಸುಬು. ಅಕ್ಕನ ಗಂಡ, ಅಂದರೆ ನನ್ನ ಭಾವ, ಗಾಡಿ ಓಡಿಸುತ್ತಾರೆ. ನಾನು ಕೊಕ್ಕೆ ಹಾಕುತ್ತೇನೆ. ಅಕ್ಕ ಮನೆಯಲ್ಲಿ ಕೂತು ಫೋನು ಎತ್ತುತ್ತಾಳೆ. ಗಾಡಿಯ ಬಾಗಿಲ ಮೇಲೆ ಬರೆದಿರುವುದು ಅವಳದೇ ನಂಬರು. ಗಾಡಿಯೊಂದು ಮಾತ್ರ ಮಾಲೀಕನದು.

ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಈಗ ಹೊಸ ಕಾನೂನು ಬಂತು: ಇನ್ನೊಂದು ವಾಹನವನ್ನು ಎಳೆಯುವವನಿಗೆ, ಎತ್ತುವವನಿಗೆ, ಇಳಿಸುವವನಿಗೆ ಬೇರೆಯದೇ ಲೈಸೆನ್ಸ್ ಬೇಕಂತೆ. ಇರಲಿ, ಕಾನೂನು ಬೇಡ ಎಂದು ನಾವೇನೂ ಹೇಳಲಿಲ್ಲ. ಆದರೆ ಎಳೆಯುವವನನ್ನು ಖಾಲಿ ಗಾಡಿಯಲ್ಲಿ ಪರೀಕ್ಷೆ ಮಾಡುವ ಬುದ್ಧಿ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ. ಹಿಂದೆ ಭಾರ ತೂಗುತ್ತಿದ್ದರೆ ಮುಂದಿನ ಚಕ್ರ ಹಗುರಾಗುತ್ತದೆ, ಮಾತು ಕೇಳುವುದಿಲ್ಲ, ಸ್ಟೀರಿಂಗನ್ನು ಒಂದು ಹಿಡಿ ಹೆಚ್ಚಿಗೆ ತಿರುಗಿಸಬೇಕು. ಇಪ್ಪತ್ತೆರಡು ವರ್ಷ ಹಾಗೆ ತಿರುಗಿಸಿದ ಕೈ ಅದು. ಖಾಲಿ ಗಾಡಿಯಲ್ಲೂ ಅಷ್ಟೇ ತಿರುಗುತ್ತದೆ, ಗಾಡಿ ಒಳಗೆ ನುಗ್ಗಿ ಕೋಲು ಮುರಿಯುತ್ತದೆ. ಊರಿನ ಹನ್ನೊಂದು ಡ್ರೈವರುಗಳೂ ಹೀಗೇ ಫೇಲಾಗಿದ್ದರು. ಹೊಸ ಲೈಸೆನ್ಸ್ ಇನ್ನೂ ಒಬ್ಬನ ಕೈಗೂ ಬಂದಿರಲಿಲ್ಲ.

ಭಾವನಿಗೆ ಇವತ್ತು ಕೊನೆಯ ಅವಕಾಶ. ಇದರಲ್ಲೂ ಹೋದರೆ ಸಂಜೆ ಕೀಲಿಕೈ ತಂದುಕೊಡಬೇಕು ಎಂದು ಮಾಲೀಕ ಬೆಳಿಗ್ಗೆಯೇ ಹೇಳಿದ್ದ. ಬೇಕಿದ್ದರೆ ನಾಳೆಯಿಂದ ಗಾಡಿ ತೊಳೆಯುವ ಕೆಲಸಕ್ಕೆ ಬಾ, ಬಕೆಟ್ಟಿಗೆ ಲೈಸೆನ್ಸ್ ಕೇಳಲ್ಲ ಎಂದು ನಕ್ಕಿದ್ದ. ಭಾವ ನಗಲಿಲ್ಲ. ಆ ಗಳಿಗೆಯಲ್ಲಿ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಈಗ ಅವರು ಗಾಡಿಯಿಂದ ಇಳಿದು ಸಾಹೇಬರ ಮುಂದೆ ಕೈ ಕಟ್ಟಿ ನಿಂತರು. ಹಿಂದೆ ಏನಾದರೂ ಭಾರ ಕಟ್ಟಿಕೊಂಡು ಒಂದೇ ಒಂದು ಸಲ ಹಾಕಿ ತೋರಿಸುತ್ತೇನೆ, ದಮ್ಮಯ್ಯ ಎಂದು ಬೇಡಿಕೊಂಡರು.

"ಭಾರ ಬೇಕಾದ್ರೆ ನಿನ್ನ ಹೆಂಡ್ತೀನ ಕಟ್ಕೊಂಡು ಎಳಿ, ಹೋಗೋ," ಎಂದರು ಸಾಹೇಬರು. ಕಚೇರಿಯ ಗುಮಾಸ್ತ ಕಿಸಕ್ಕನೆ ನಕ್ಕ. ಸಾಹೇಬರು ಚಹಾ ಕುಡಿಯಲು ಒಳಗೆ ಹೋದರು.

ಭಾವ ಅಂಗಳ ನೋಡುತ್ತ ನಿಂತರು. ಎಂಟರ ಅಂಚಿನಲ್ಲಿ ಒಂದು ಮರವಿದೆ. ನೆರಳಿಗೆಂದು ಸಾಹೇಬರು ತಮ್ಮ ಬಿಳಿ ಕಾರನ್ನು ಅದರಡಿ ನಿಲ್ಲಿಸುತ್ತಾರೆ. ಅದೇ ಮರಕ್ಕೆ ಒಂದು ಬೋರ್ಡು ಹೊಡೆದಿದ್ದಾರೆ: ಇಲ್ಲಿ ವಾಹನ ನಿಲ್ಲಿಸಬಾರದು, ನಿಲ್ಲಿಸಿದರೆ ಎತ್ತಿಕೊಂಡು ಹೋಗಲಾಗುವುದು. ಭಾವ ಬೋರ್ಡನ್ನು ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಕೊಕ್ಕೆ ತಗೊಳ್ಳೋ."

"ಭಾವ, ಬೇಡ."

"ಬೋರ್ಡು ನಾನು ಬರೆದಿದ್ದಲ್ಲ ಕಣೋ."

ಕೊಕ್ಕೆ ತೆಗೆದುಕೊಂಡು ಸಾಹೇಬರ ಕಾರಿನ ಹತ್ತಿರ ಹೋದೆ. ಅದರ ಹಿಂದಿನ ಚಕ್ರಗಳಡಿ ಚಿಕ್ಕ ಗಾಲಿ ಕೊಟ್ಟೆ, ಮುಂದಿನವಕ್ಕೆ ಪಟ್ಟಿ ಬಿಗಿದೆ. ಕಾರು ಮೂತಿ ಎತ್ತಿಕೊಂಡು ಮೇಲಕ್ಕೇರಿತು. ಸರದಿಯಲ್ಲಿ ನಿಂತಿದ್ದ ಬೇರೆ ಡ್ರೈವರುಗಳು ಬೀಡಿ ಆರಿಸಿ, ಮುರಿದ ಕೋಲಿನ ಜಾಗಕ್ಕೆ ಹೊಸದೊಂದನ್ನು ನೆಟ್ಟು, ದಾರಿ ಬಿಟ್ಟರು.

ಭಾವ ಎಂಟು ಹಾಕಿದರು. ಅದೇ ಕೈ, ಅದೇ ಒಂದು ಹಿಡಿ ಹೆಚ್ಚಿಗೆ. ಕೋಲು ಮುರಿಯುವ ಆ ತಿರುವಿನಲ್ಲಿ ನಾನು ಕಣ್ಣು ಮುಚ್ಚಿಕೊಂಡೆ. ಸದ್ದೇ ಬರಲಿಲ್ಲ. ಕಣ್ಣು ಬಿಟ್ಟಾಗ ಗಾಡಿ, ಅದರ ಹಿಂದೆ ಕಾರು, ಎರಡೂ ಕೋಲುಗಳ ನಡುವೆ ನುಣ್ಣಗೆ ಜಾರಿ ಹೋಗುತ್ತಿದ್ದವು. ಒಂದಲ್ಲ, ಮೂರು ಸುತ್ತು. ನನಗೆ ಅಳು ಬಂತು. ನಾಚಿಕೆಯಾಗಿ ಚಪ್ಪಲಿಯ ಪಟ್ಟಿ ಸರಿಮಾಡುವವನಂತೆ ಬಗ್ಗಿ ಕೂತೆ.

ಸಾಹೇಬರು ಚಹಾದ ಲೋಟ ಹಿಡಿದೇ ಓಡಿ ಬಂದರು. ಭಾವ ಎಂಟರ ನಟ್ಟನಡುವೆ ಗಾಡಿ ನಿಲ್ಲಿಸಿ ಇಳಿದರು. ಒಂದು ಕೋಲೂ ಬಿದ್ದಿಲ್ಲ, ನೀವೇ ಎಣಿಸಿಕೊಳ್ಳಿ ಎಂದು ಮೆತ್ತಗೆ ಹೇಳಿದರು. ಸಾಹೇಬರು ಗುಮಾಸ್ತನ ಕೈಯಿಂದ ಭಾವನ ಅರ್ಜಿ ಕಿತ್ತುಕೊಂಡು, ಕಾರಿನ ಬಾಗಿಲಿಗೇ ಒತ್ತಿ ಹಿಡಿದು, ಕೆಂಪು ಪೆನ್ನಿನಲ್ಲಿ 'ಫೇಲ್' ಎಂದು ಗೀಚಿದರು.

"ಈಗ ಇಳಿಸೋ ನನ್ನ ಕಾರು, ನನ್ಮಗನೆ."

ಭಾವ ಅರ್ಜಿಯನ್ನು ಓದಿ, ನೀಟಾಗಿ ಮಡಚಿ ಜೇಬಿಗೆ ಹಾಕಿಕೊಂಡರು.

"ಇಳಿಸೋಕೂ ಲೈಸೆನ್ಸ್ ಬೇಕಲ್ಲ ಸಾರ್. ನಂಗಿಲ್ಲ ಅಂತ ಈಗಷ್ಟೆ ನೀವೇ ಬರೆದುಕೊಟ್ರಿ."

ಗಾಡಿಯ ಕೀಲಿಕೈಯನ್ನು ಸಾಹೇಬರ ಅಂಗೈಯಲ್ಲಿ ಇಟ್ಟರು. ಸಾಹೇಬರು ಸರದಿಯ ಕಡೆ ತಿರುಗಿ, ನೀನು ಬಾರೋ, ನೀನು ಬಾರೋ ಎಂದು ಒಬ್ಬೊಬ್ಬರನ್ನೇ ಕರೆದರು. ಒಬ್ಬೊಬ್ಬರೂ ಫೇಲಾದ ತಮ್ಮ ತಮ್ಮ ಅರ್ಜಿ ತೆಗೆದು ತೋರಿಸಿದರು. ಪೊಲೀಸರನ್ನು ಕರೆಸುತ್ತೇನೆ ಎಂದರು ಸಾಹೇಬರು. ಕರೆಸಿ ಸಾರ್, ಅವರಿಗೂ ಇಳಿಸಕ್ಕೆ ಬರಲ್ಲ ಎಂದ ಹಿಂದಿನಿಂದ ಯಾರೋ.

ನಾವು ನಡೆದೇ ಮನೆಗೆ ಬಂದೆವು. ಅಕ್ಕ ನಮ್ಮಿಬ್ಬರ ಮುಖ ನೋಡಿದಳು, ಬಾಗಿಲಾಚೆ ಗಾಡಿ ಇಲ್ಲದ್ದನ್ನೂ ನೋಡಿದಳು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ದಿನಾ ಕೇಳುವ ಪ್ರಶ್ನೆಗಳನ್ನೇ ಅವಳು ಕೇಳಿದಳು: ಯಾವ ಕಾರು, ಎಲ್ಲಿದೆ, ನೆಟ್ಟಗಿದೆಯೋ ಮಗುಚಿದೆಯೋ. ಆ ಕಡೆಯ ಕೂಗಾಟ ನನಗೂ ಕೇಳಿಸುತ್ತಿತ್ತು. ಅಷ್ಟೂ ಹೊತ್ತು ಅವಳು ಭಾವನನ್ನೇ ನೋಡುತ್ತಿದ್ದಳು, ತುಟಿಯಂಚಿನಲ್ಲಿ ನಗು ಮೂಡುತ್ತಿತ್ತು.

"ಕಾರು ನೇತಾಡ್ತಿದೆಯಾ? ಅಯ್ಯೋ ಪಾಪ," ಎಂದಳು ಅಕ್ಕ. "ಲೈಸೆನ್ಸ್ ಇರೋ ಡ್ರೈವರು ನಮ್ಮಲ್ಲಿ ಯಾರೂ ಇಲ್ಲ ಸಾರ್. ನೀವು ಯಾರಿಗಾದ್ರೂ ಒಬ್ಬರಿಗೆ ಕೊಟ್ಟಿದ್ರೆ ಹೇಳಿ, ಅವರನ್ನೇ ಕಳಿಸ್ತೀನಿ."

ಫೋನು ಇಟ್ಟಳು. ಅದು ಮತ್ತೆ ಹೊಡೆದುಕೊಂಡಿತು. ಈ ಸಲದ ನಂಬರು ಮಾಲೀಕನದು. ನಾಳೆಯ ಕೂಳಿನ ಚಿಂತೆ ಮೂವರಿಗೂ ಒಟ್ಟಿಗೇ ಬಂತು. ಅಕ್ಕ ಫೋನಿಗೆ ಕೈ ಚಾಚಿದಳು. ಭಾವ ಅವಳ ಕೈ ಹಿಡಿದುಕೊಂಡರು.

"ಬಡ್ಕೊಳ್ಲಿ ಬಿಡೇ," ಎಂದರು. "ಮೊದಲು ಉಣ್ಣೋಣ."