ಮೂರನೇ ಗ್ಯಾಸ್ಕೆಟ್

"ಒಲೆ ಆರಿಸೇ! ಏನಿಟ್ಟಿದ್ರೂ ಸರಿ, ಮೊದಲು ಒಲೆ ಆರಿಸು!"

ಹಳೇ ಕಾರಿನಡಿಯಿಂದ ಎದ್ದ ಈ ಕೂಗು ಅಡುಗೆಮನೆ ಮುಟ್ಟುವಷ್ಟರಲ್ಲಿ ಟೈಲರ್ ಮಾಸ್ತರ ತೋಳು ಪೆಟ್ರೋಲಿನಲ್ಲಿ ತೊಯ್ದು ತೊಪ್ಪೆಯಾಗಿತ್ತು. ಟ್ಯಾಂಕಿನ ಪಕ್ಕಕ್ಕೆ ತಟ್ಟೆಯಂಥ ಒಂದು ಮುಚ್ಚಳ, ಅದರ ಒಳಮೈಗೆ ಪೆಟ್ರೋಲಿನಲ್ಲಿ ತೇಲುವ ಒಂದು ಫ್ಲೋಟ್. ಪೆಟ್ರೋಲ್ ಎಷ್ಟಿದೆ ಎಂದು ಡ್ಯಾಶ್‌ಬೋರ್ಡಿನ ಮುಳ್ಳಿಗೆ ತಿಳಿಸುವುದು ಅದರ ಕೆಲಸ. ತುಕ್ಕು ಹಿಡಿದು ಅದು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಮುಳ್ಳು ಸದಾ ಖಾಲಿ ಎನ್ನುತ್ತಿತ್ತು. ಮಾಸ್ತರು ಸ್ಕ್ರೂ ಬಿಚ್ಚಿ ಮುಚ್ಚಳವನ್ನು ಚೂರು ಮೀಟಿದ್ದೇ ತಡ, ಪೆಟ್ರೋಲ್ ಧೋ ಎಂದು ಸುರಿಯಿತು. ಈಗ ಎರಡೂ ಅಂಗೈಯಲ್ಲಿ ಮುಚ್ಚಳ ಒತ್ತಿ ಹಿಡಿದು ಅಂಗಾತ ಬಿದ್ದಿದ್ದರು. ಬಿಟ್ಟರೆ ಸ್ನಾನ, ಬಿಡದಿದ್ದರೆ ಸಾಯುವವರೆಗೂ ಅಲ್ಲೇ ವಾಸ.

ಹೆಂಡತಿ ಒಲೆ ಆರಿಸಿ, ಸೌಟು ಹಿಡಿದೇ ಓಡಿ ಬಂದಳು.

"ನಿನ್ನೆ ತಾನೇ ಟ್ಯಾಂಕ್ ಖಾಲಿ ಮಾಡಿದ್ದೆ ಕಣೇ! ಇದೆಲ್ಲಿಂದ ಬಂತು?"

ಅವಳು ಸೌಟನ್ನೇ ನೋಡುತ್ತ ನಿಂತಳು. "ನಾನೇ ತುಂಬಿಸ್ದೆ. ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ, ಪಕ್ಕದ ಮನೆಯವರ ಕೈಲಿ ತರಿಸಿ. ಹೋಗೋ ಕಾರು, ಹೊಟ್ಟೆ ತುಂಬಿಸಿ ಕಳಿಸೋಣ ಅಂತ."

ಮಾಸ್ತರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾರನ್ನು ಮನೆಯಿಂದ ಸಾಗಹಾಕಲು ಹಟ ಹಿಡಿದವಳೇ ಇವಳು. ಕೂತರೆ ತಲೆನೋವು, ಇಳಿದರೆ ವಾಕರಿಕೆ. "ಸಂಜೆ ನನ್ನ ತಮ್ಮ ಬರ್ತಾನೆ. ಅಷ್ಟರೊಳಗೆ ಪೆಟ್ರೋಲ್ ವಾಸನೆ ಹೋದ್ರೆ ಕಾರು ಇಲ್ಲಿರ್ಲಿ, ಇಲ್ಲಾಂದ್ರೆ ಅವನು ತಗೊಂಡು ಹೋಗ್ಲಿ" ಎಂದು ಖಡಾಖಂಡಿತವಾಗಿ ಹೇಳಿದ್ದಳು. ಮಾಸ್ತರಿಗೆ ಆ ಕಾರೆಂದರೆ ಪ್ರಾಣ. ಭಾವಮೈದನೋ, ಅದಕ್ಕೆ ಗಿಳಿಹಸಿರು ಬಣ್ಣ ಹೊಡೆಸಿ ಹಿಂದೆ ಸ್ಪೀಕರ್ ಕೂರಿಸುವ ಆಸಾಮಿ.

ವಾಸನೆಯ ಮೂಲ, ಪೆಟ್ರೋಲ್ ಸೋರದಂತೆ ತಡೆಯಬೇಕಾದ ಮುಚ್ಚಳದಡಿಯ ರಬ್ಬರ್ ಗ್ಯಾಸ್ಕೆಟ್. ಅಷ್ಟು ಹಳೇ ಕಾರಿನದು ಅಂಗಡಿಯಲ್ಲಿ ಸಿಗುವುದಿಲ್ಲ. ಊರಿಗೆಲ್ಲ ಪ್ಯಾಂಟು ಕತ್ತರಿಸಿದ ಕೈಗೆ ಬಳೆಯಂಥ ಒಂದು ರಬ್ಬರ್ ತುಂಡು ಯಾವ ಮಹಾ ಎಂದು ಮಾಸ್ತರು ತಾವೇ ಎರಡು ಸಲ ಕತ್ತರಿಸಿ ಹಾಕಿದ್ದರು. ಎರಡೂ ಸೋರಿದವು. ಯಾಕೆಂದು ಅವರಿಗೆ ಬಗೆಹರಿದಿರಲಿಲ್ಲ.

"ನೋಡ್ತಾ ನಿಂತ್ಯಲ್ಲೇ! ಬಕೆಟ್ ತಾ, ಪಾತ್ರೆ ತಾ, ಏನಿದ್ರೆ ಅದು ತಾ!"

ಅವಳು ಪಾತ್ರೆ ತಂದಳು, ಬೈದಳು, ಕೊನೆಗೆ ತಾನೂ ಗಂಡನ ಪಕ್ಕ ನೆಲಕ್ಕೆ ಒರಗಿ ಒಂದೊಂದಾಗಿ ಒಡ್ಡಿ ಹಿಡಿದಳು. ಟ್ಯಾಂಕು ಬರಿದಾಗುವಷ್ಟರಲ್ಲಿ ಇಬ್ಬರೂ ನೆನೆದಿದ್ದರು. ಮಾಸ್ತರು ಫ್ಲೋಟಿನ ತುಕ್ಕು ಕೆರೆದು, ಜೇಬಿನಿಂದ ಮೂರನೇ ಗ್ಯಾಸ್ಕೆಟ್ ತೆಗೆದರು. ಅವಳು ಅದನ್ನು ಕಸಿದು ಮುಚ್ಚಳದ ಮೇಲಿಟ್ಟು ನೋಡಿದಳು.

"ಇದೇನ್ರೀ, ಸುತ್ತ ಅರ್ಧ ಬೆರಳು ಜಾಸ್ತಿ?"

"ಮಾರ್ಜಿನ್" ಎಂದರು ಮಾಸ್ತರು. "ಪ್ಯಾಂಟಿಗೆ ಬಿಡೋ ಹಾಗೆ, ಮುಂದೆ ಬಿಗಿಯಾದ್ರೆ ಬಿಚ್ಚೋಕೆ ಇರ್ಲಿ ಅಂತ."

"ಟ್ಯಾಂಕೇನು ದಪ್ಪ ಆಗತ್ತೇನ್ರೀ, ಪುಣ್ಯಾತ್ಮರೇ! ಹಿಂದಿನ ಎರಡೂ ಹೀಗೇ ಅಂಚು ಮಡಚ್ಕೊಂಡು ಸುಕ್ಕಾಗಿ ಸೋರಿದ್ದು!"

ಮಾಸ್ತರು ಕತ್ತರಿ ಚಾಚಿದರು. ಹೊಲಿಗೆ ಅಂಗಡಿಯಲ್ಲಿ ಕತ್ತರಿ ಯಾವಾಗಲೂ ಅವರದು, ಕಾಜ-ಗುಂಡಿ ಅವಳದು. ಇವತ್ತು ಕತ್ತರಿಯೂ ಅವಳ ಕೈಗೆ ಹೋಯಿತು. ಸೀಮೆಸುಣ್ಣದ ಗೆರೆ ಹಿಡಿದು ಅಂಚು ಕತ್ತರಿಸಿ, ಸ್ಕ್ರೂಗಳಿಗೆ ಕಾಜ ತೆಗೆದಷ್ಟೇ ಅಚ್ಚುಕಟ್ಟಾಗಿ ತೂತು ಮಾಡಿಕೊಟ್ಟಳು. ಮುಚ್ಚಳ ಬಿಗಿದು ಪೆಟ್ರೋಲ್ ವಾಪಸ್ ಸುರಿದರೆ ಒಂದು ಹನಿಯೂ ಹೊರಬರಲಿಲ್ಲ. ಮಾಸ್ತರಿಗೆ ಅವಳ ಕಾಲಿಗೆ ಬೀಳೋಣ ಅನ್ನಿಸಿತು.

ಇಬ್ಬರೂ ಸೋಪು ತಿಕ್ಕಿ ತಿಕ್ಕಿ ಮಿಂದು ಬಟ್ಟೆ ಬದಲಿಸುವಷ್ಟರಲ್ಲಿ ಭಾವಮೈದ ಸೆಂಟು ಪೂಸಿಕೊಂಡು ಹಾಜರಾದ. ಪರೀಕ್ಷೆಗೆಂದು ಮೂವರೂ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಅವನು ಮೂಗು ಮುಚ್ಚಿಕೊಂಡ.

"ಅಯ್ಯೋ ಅಕ್ಕಾ, ಮೊದಲಿಗಿಂತ ಜಾಸ್ತಿ ಹೊಡೀತಿದೆ! ಭಾವಾ, ಕೀ ಕೊಟ್ಬಿಡಿ."

ಮಾಸ್ತರು ಕೀಲಿ ಕಿತ್ತು ಅವನಿಗೆ ಕೊಡಲೆಂದು ಕೈ ಚಾಚಿದರು. ಹೆಂಡತಿ ಆ ಕೈ ಹಿಡಿದು ಮೂಸಿದಳು. ಆಮೇಲೆ ತನ್ನ ಅಂಗೈ ಮೂಸಿದಳು.

"ಕಾರಲ್ಲ ಕಣೋ, ನಾವು" ಎಂದಳು. "ಕಿಟಕಿ ಇಳಿಸ್ಕೊಂಡು ಸುಮ್ನೆ ಕೂತ್ಕೋ. ನಿನ್ನ ಮನೇಲಿ ಬಿಟ್ಟು ಬರ್ತೀವಿ. ನಿನ್ನನ್ನ, ಕಾರನ್ನಲ್ಲ."

ಮಾಸ್ತರು ಕೀಲಿಯನ್ನು ಮತ್ತೆ ತೂರಿಸಿ ತಿರುಗಿಸಿದರು. ಡ್ಯಾಶ್‌ಬೋರ್ಡಿನಲ್ಲಿ ಮುಳ್ಳು ಒಮ್ಮೆ ನಡುಗಿತು, ಆಮೇಲೆ ನಿಧಾನವಾಗಿ ಮೇಲೇರಿ ತುಂಬಿದ ಗೆರೆಯ ಮೇಲೆ ಹೋಗಿ ಕೂತಿತು. ಅವಳು ಮುಂದಕ್ಕೆ ಬಾಗಿ ಬೆರಳ ತುದಿಯಿಂದ ಅದರ ಗಾಜಿನ ಧೂಳು ಒರೆಸಿದಳು.