ಊರೆಲ್ಲ ತುಳಿದ ಮಿಷಿನ್ನು

"ತೆಗಿಯಲೇ ಕೈನ, ಕಳ್ಳನನ್ಮಗನೆ! ಅದು ಡಾನ್ ಸಾಹೇಬ್ರ ಮಿಷಿನ್ನು!"

ತೋಟದ ಮೇಸ್ತ್ರಿ ಇಗ್ಮೆ ಹೀಗೆ ಬೈದದ್ದು ಕ್ಲೆಟೊಣ್ಣನಿಗೆ. ಹಳೇ ಜೀಪಿನ ಕಬ್ಬಿಣ ಬಡಿದು ಆ ಮಿಷಿನ್ನು ಮಾಡಿದವನೇ ಕ್ಲೆಟೊಣ್ಣ. ಅವನು ಕೈ ತೆಗೆಯಲಿಲ್ಲ. ಇಗ್ಮೆ ಬೂಟುಗಾಲಲ್ಲಿ ಅವನ ಬೆರಳ ಮೇಲೆ ಒದ್ದ.

ನಾವು ಧಣಿ ಡಾನ್ ಎವರಿಸ್ಟೊನ ತೋಟದಲ್ಲಿ ತೆಂಗಿನಕಾಯಿ ಸುಲಿಯುವ ಜನ. ನೆಲಕ್ಕೆ ನೆಟ್ಟ ಚೂಪು ಹಾರೆಗೆ ಕಾಯಿ ಕುಕ್ಕಿ ಕುಕ್ಕಿ ಅಂಗೈ ಹರಿದುಕೊಂಡವರು. ನನ್ನ ಅಂಗೈಗೆ ಹಾರೆ ತೂರಿದ ದಿನ ಕ್ಲೆಟೊಣ್ಣ ಊಟ ಬಿಟ್ಟ. ಆಮೇಲೆ ಅವನು ಕಟ್ಟಿದ್ದೇ ಈ ಮಿಷಿನ್ನು. ಕಾಲಲ್ಲಿ ತುಳಿದರೆ ಎರಡು ಕಬ್ಬಿಣದ ದವಡೆ ತೆರೆದು ಸಿಪ್ಪೆಯನ್ನು ಕಿತ್ತುಹಾಕುತ್ತವೆ. ಕೈಗೆ ಗಾಯವಿಲ್ಲ. ಮನೆಮನೆಗೂ ಒಂದೊಂದು ಮಾಡಿಕೊಟ್ಟ, ಪುಣ್ಯಾತ್ಮ.

ನಮ್ಮಲ್ಲಿ ದೋಣಿಯಾಗಲಿ ಜೀಪಾಗಲಿ, ಹೊಸದನ್ನು ಸುಮ್ಮನೆ ಕೆಲಸಕ್ಕೆ ಇಳಿಸುವುದಿಲ್ಲ. ಕೋಳಿ ರಕ್ತ ಸವರಬೇಕು, ಪಾದ್ರಿ ಬಂದು ತೀರ್ಥ ಚಿಮುಕಿಸಬೇಕು, ಕೇರಿಗೆಲ್ಲ ಉಣ್ಣಲಿಕ್ಕಬೇಕು, ಬಂದವರೆಲ್ಲ ಒಂದು ಸಲ ಮುಟ್ಟಬೇಕು. ಬಚ್ಚಿಟ್ಟ ಸಾಮಾನಿಗೆ ಕೇಡು ತಪ್ಪದು ಎನ್ನುತ್ತಾರೆ ಹಿರಿಯರು. ಮಿಷಿನ್ನಿಗೂ ಹಾಗೇ ಮಾಡಿದೆವು. ಡಾನ್‌ನ ಮಗನೂ ಬಂದಿದ್ದ. ಶ್ಯಾವಿಗೆ ಎರಡು ಸಲ ಹಾಕಿಸಿಕೊಂಡು ತಿಂದ, ಮಿಷಿನ್ನು ತುಳಿದ, ಬಗ್ಗಿ ಒಂದೊಂದೇ ಬೋಲ್ಟು ನೋಡಿದ. ದೊಡ್ಡ ಮನೆಯವರು ನಮ್ಮ ಕೇರಿಯಲ್ಲಿ ಬಗ್ಗಿದರಲ್ಲ ಅಂತ ನಾವು ಹಿಗ್ಗಿದ್ದೇ ಹಿಗ್ಗಿದ್ದು.

ಈಗ ಅದೇ ಮಿಷಿನ್ನಿಗೆ ಒಂದು ಸ್ಪ್ರಿಂಗ್ ಸೇರಿಸಿ ಡಾನ್ ತನ್ನ ಹೆಸರಿಗೆ ಪೇಟೆಂಟು ಮಾಡಿಸಿಕೊಂಡಿದ್ದಾನೆ. ಬಾಡಿಗೆ ಕೊಟ್ಟು ತುಳಿಯಿರಿ, ಇಲ್ಲವಾದರೆ ಹಳೇ ಹಾರೆಗೆ ಹೋಗಿ ಎನ್ನುತ್ತಾನೆ. ಕ್ಲೆಟೊಣ್ಣನೂ ತಡವಾಗಿ ಒಂದು ಅರ್ಜಿ ಹಾಕಿದ್ದ. ಅದೊಂದು ಗೆದ್ದರೆ ಮಿಷಿನ್ನು ನಮ್ಮ ಬಳಿ ಉಳಿಯುತ್ತಿತ್ತು.

ವಿಚಾರಣೆಯ ದಿನ ಅವನ ಪರ ಸಾಕ್ಷಿ ಹೇಳಲು ಇಡೀ ಕೇರಿ ಜೀಪು ಹತ್ತಿತು. ಕ್ಲೆಟೊಣ್ಣ ಬೇಡವೆಂದ. ಕೇಳುವವರು ಯಾರು? ಪಾದ್ರಿಯನ್ನೂ ಕರೆದೆವು. "ಡಾನ್ ಗೋಪುರಕ್ಕೆ ಗಂಟೆ ಕೊಡಿಸ್ತಾ ಇದಾರೆ ಮಕ್ಕಳಾ, ನನ್ನನ್ನ ಇದಕ್ಕೆ ಎಳೀಬೇಡಿ" ಎಂದು ಬಾಗಿಲು ಹಾಕಿಕೊಂಡರು.

ಪೇಟೆಂಟು ಕಚೇರಿಯಲ್ಲಿ ಅಧಿಕಾರಿ ನಮ್ಮಿಂದ ಆಣೆ ಮಾಡಿಸಿ, ಮೂಗಿಗೆ ಕರವಸ್ತ್ರ ಹಿಡಿದೇ ಕೇಳಿದ. "ಈ ಯಂತ್ರ ನೋಡಿದ್ದೀರಾ?"

"ನೋಡೋದೇನ್ ಸಾಮಿ, ದಿನಾ ತುಳಿತೀವಿ!" ಎಂದೆ ನಾನೇ ಮೊದಲು.

"ಎಷ್ಟು ದಿನದಿಂದ?"

"ಎರಡು ವರ್ಸ ಆತು. ಪಾದ್ರಿ ತೀರ್ಥ ಹಾಕವ್ರೆ. ಮೂರೂರ ಜನ ಬಂದು ಉಂಡವ್ರೆ. ಕೇಳಿ ಬೇಕಾದ್ರೆ!"

ಎಲ್ಲರೂ ಅದನ್ನೇ ಹೇಳಿದರು, ನಾನು ತಾನು ಎಂದು ಮುಂದೆ ಬಿದ್ದು ಹೇಳಿದರು. ಅಧಿಕಾರಿ ಒಂದಕ್ಷರ ಬಿಡದೆ ಬರೆದುಕೊಂಡ. ಪೆನ್ನು ಮುಚ್ಚಿದ.

"ಮೊದಲು ಮಾಡಿದವನು ಯಾರು ಅಂತ ಹಳೇ ಕಾನೂನು ಕೇಳ್ತಿತ್ತು. ಅದು ಹೋಯ್ತು. ಈಗ ಮೊದಲು ಅರ್ಜಿ ಹಾಕಿದವನು ಯಾರು ಅನ್ನೋದಷ್ಟೇ. ಆದರೂ ಡಾನ್ ಅವರದು ಸ್ಪ್ರಿಂಗ್ ಇರೋದು, ಇವನದು ಬೇರೆ ಅಂತ ಇವನಿಗೂ ಒಂದು ಕೊಡಬಹುದಿತ್ತು. ನೀವೇ ಕೆಡಿಸಿದ್ರಿ. ಅರ್ಜಿ ಹಾಕೋದಕ್ಕೆ ವರ್ಷಕ್ಕೂ ಹಿಂದೇನೇ ಊರೆಲ್ಲ ನೋಡಿದ್ದು ಹೊಸದಲ್ಲ. ಹೊಸದಲ್ಲದ್ದಕ್ಕೆ ಪೇಟೆಂಟ್ ಇಲ್ಲ."

ನಾನು ಮೇಜಿನ ಹತ್ತಿರಕ್ಕೇ ನುಗ್ಗಿದೆ. "ಅಂಗಾರೆ ಡಾನ್‌ಗೆಂಗೆ ಕೊಟ್ರಿ? ಅವನ ಮಗ ನೋಡಿದ್ದೂ ಅಲ್ಲೇಯ, ಅವತ್ತೇಯ!"

"ಅದು ಬೇರೆ ಕೇಸು. ಮನಿಲಾಕ್ಕೆ ಹೋಗಿ, ವಕೀಲರನ್ನ ಇಡಿ. ಇವತ್ತಿನ ಫೈಲು ಇವನದು." ಅಧಿಕಾರಿ ಕ್ಲೆಟೊಣ್ಣನ ಕಡೆ ತಿರುಗಿದ. "ಇವರು ಹೇಳಿದ್ದು ಸುಳ್ಳು, ಮನೆಯವರ ಹೊರತು ಯಾರೂ ನೋಡಿಲ್ಲ ಅಂತ ಬರೆದುಕೊಡ್ತೀಯಾ? ಅರ್ಜಿ ಉಳಿಯುತ್ತೆ. ಆಣೆ ಮಾಡಿ ಸುಳ್ಳು ಹೇಳಿದ್ದಕ್ಕೆ ಇವರ ಮೇಲೆ ಕೇಸು ಆಗುತ್ತೆ, ಅಷ್ಟೇ."

ಕ್ಲೆಟೊಣ್ಣ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ. ಆ ನೋಟ ಸಾಯುವವರೆಗೂ ನನ್ನನ್ನು ಬಿಡದು.

"ನಿಜಾನೇ ಹೇಳವ್ರೆ ಸಾಮಿ" ಎಂದ.

ವಾಪಸು ಜೀಪು ಹತ್ತಿದೆವು. ನನಗೆ ತಡೆಯಲಾಗಲಿಲ್ಲ. "ಕ್ಲೆಟೊಣ್ಣ, ಉಗಿ ನಮ್ಮ ಮುಖಕ್ಕೆ. ಎಕ್ಕಡ ತಗಂಡು ಹೊಡಿ. ಸುಮ್ಕೆ ಮಾತ್ರ ಕೂರಬ್ಯಾಡ ಕಣಣ್ಣ."

"ಏನಂತ ಉಗೀಲಿ ಸಿಯೋನಕ್ಕ? ತೋರಿಸ್ದೋನು ನಾನೇ ಅಲ್ವಾ" ಎಂದ. ಸ್ವಲ್ಪ ದೂರ ಹೋದ ಮೇಲೆ, "ಇನ್ಮೇಕೆ ಏನಾರ ಮಾಡಿದ್ರೆ ನಿಮ್ಗೆ ಯಾರ್ಗೂ ತೋರ್ಸಾಕಿಲ್ಲ" ಎಂದ. ಸಿಟ್ಟಿನಿಂದ ಅಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮರುದಿನ ಇಗ್ಮೆ ಲಾರಿ ತಂದು ಮಿಷಿನ್ನುಗಳನ್ನೆಲ್ಲ ಎತ್ತಿಸಿಕೊಂಡು ಹೋದ. ಎತ್ತಿ ಹಾಕಿದವರೂ ನಾವೇ. "ನಿಧಾನ ಕಣ್ರೇ ಬೋಸುಡೇರಾ, ಸಾಹೇಬ್ರ ಮಾಲು" ಎಂದು ಗದರುತ್ತಿದ್ದ.

ನಮ್ಮ ಕೇರಿಯಲ್ಲಿ ಹಗಲು ಹೊತ್ತು ಬಾಗಿಲು ಹಾಕುವ ರೂಢಿ ಇಲ್ಲ. ಸತ್ತ ಮನೆಗೂ ಹಾಕುವುದಿಲ್ಲ. ಈಗ ಕ್ಲೆಟೊಣ್ಣನ ಬಾಗಿಲು ಹಗಲೆಲ್ಲ ಮುಚ್ಚಿರುತ್ತದೆ. ಕಿಟಕಿಗೆ ಗೋಣಿ ಹೊಡೆದಿದ್ದಾನೆ. ಒಳಗಿಂದ ಕಬ್ಬಿಣ ಬಡಿಯುವ ಸದ್ದು ಮಾತ್ರ ಬರುತ್ತದೆ.

ನಿನ್ನೆ ಅನ್ನ, ಒಣಮೀನು ತಗೊಂಡು ಹೋಗಿ ಬಾಗಿಲು ಬಡಿದೆ. "ಕ್ಲೆಟೊಣ್ಣ, ನಾನು ಕಣಣ್ಣ, ಸಿಯೋನು" ಎಂದೆ.

ಸುತ್ತಿಗೆ ನಿಂತಿತು. ನಾನು ತಟ್ಟೆ ಹಿಡಿದು ನಿಂತೇ ಇದ್ದೆ. ಕೊನೆಗೆ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ನಮ್ಮ ಮನೆಯ ಮೆಟ್ಟಿಲು ಹತ್ತಿದ ಮೇಲೆಯೇ ಅದು ಮತ್ತೆ ಶುರುವಾಯಿತು.