ಉಪ್ಪಿಲ್ಲದ ಸಾರು

ಶವಪೆಟ್ಟಿಗೆ ಹೊತ್ತವರು ಏರಿನ ತಿರುವಿನಲ್ಲಿ ಸುಧಾರಿಸಿಕೊಳ್ಳಲು ನಿಂತಾಗ, ಹಿಂದೆ ಬರುತ್ತಿದ್ದ ಹೆಂಗಸರ ನಡುವೆ ಇಟಲಿಯ ಸಲೀನಾ ದ್ವೀಪ ಅಂದಿನವರೆಗೆ ಕಂಡಿರದಂಥ ಗಂಭೀರ ಪ್ರಶ್ನೆಯೊಂದು ಎದ್ದಿತು: ಇವತ್ತು ಸಾರು ಯಾರು ತರುವುದು?

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ; ನೆರೆಯವರೇ ಊಟ ತರಬೇಕು. ಊರಲ್ಲಿ ಯಾರು ಸತ್ತರೂ ಮೊದಲು ಬರುತ್ತಿದ್ದದ್ದು ನಿಂಫಾಳ ಕೋಳಿಸಾರು. ಈಗ ಪೆಟ್ಟಿಗೆಯಲ್ಲಿದ್ದವಳು ನಿಂಫಾಳೇ.

"ನಾನು ಕತ್ತಿಮೀನಿನ ಸುರುಳಿ ಮಾಡಿಟ್ಟಿದೀನಿ," ಎಂದಳು ಎದುರುಮನೆಯ ಕತೇನಾ. "ಒಣದ್ರಾಕ್ಷಿ, ಪೈನ್ ಬೀಜ ಎಲ್ಲಾ ತುಂಬಿ. ಸತ್ತೋಳನ್ನ ಆಡ್ಕೋಬಾರದು, ಆದ್ರೂ ಆ ಸಾರಿಗೆ ಒಂದು ದಿನಾನಾದ್ರೂ ಉಪ್ಪು ಹಾಕಿದ್ಲೇನೇ?"

"ಆಡ್ಕೋಬಾರದು ಅಂದ್ಮೇಲೆ ಸುಮ್ನಿರು," ಎಂದಳು ಪಕ್ಕದ ಮನೆಯ ವಿಧವೆ ಒನೋಫ್ರಿಯಾ.

"ಸುಳ್ಳು ಹೇಳಿದ್ನಾ? ಕೇಪರ್ ಗಿಡದ ಮೊಗ್ಗನ್ನ ಕೆಡದ ಹಾಗೆ ಮೂಟೆಗಟ್ಟಲೆ ಉಪ್ಪಲ್ಲಿ ಹೂತಿಡ್ತಿದ್ಲು. ಸತ್ತೋರ ಮನೆಗೆ ಮಾತ್ರ ಒಂದು ಚಿಟಿಕೆ ಹಾಕೋಕೂ ಕೈ ಬರ್ತಿರಲಿಲ್ಲ."

ಮುಂದೆ ನಿಂಫಾಳ ಗಂಡ ಬಾರ್ತೊಲೊ ನಿಂತಿದ್ದ. ಹೆಂಡತಿ ಸತ್ತಾಗಿನಿಂದ ಅವನು ಏನೂ ತಿಂದಿರಲಿಲ್ಲ. ಕುರ್ಚಿ ಬಿಟ್ಟದ್ದೇ ಇದೊಂದು ಸಲ, ಅದೂ ಇಬ್ಬರು ತೋಳು ಹಿಡಿದು ಎತ್ತಿದ್ದಕ್ಕೆ.

"ಹೀಗೇ ಕೂತ್ರೆ ಇನ್ನೊಂದು ಪೆಟ್ಟಿಗೆ ಹೊರಬೇಕಾಗತ್ತೆ," ಎಂದು ಹೊತ್ತವರಲ್ಲೊಬ್ಬ ಬೆವರು ಒರೆಸಿಕೊಂಡ. ಆ ಏರನ್ನು ಮತ್ತೆ ಹತ್ತುವ ಉತ್ಸಾಹ ಯಾರಲ್ಲೂ ಕಾಣಲಿಲ್ಲ.

*

ಹಿಂದೊಮ್ಮೆ, ತನ್ನ ಗಂಡನನ್ನು ಹೂಳಿ ಬಂದ ಸಂಜೆ ಒನೋಫ್ರಿಯಾಳೂ ಹಾಗೇ ಗೋಡೆ ನೋಡುತ್ತ ಕೂತುಬಿಟ್ಟಿದ್ದಳು. ನಿಂಫಾ ಸಾರು ತಂದು ಬಡಿಸಿ ಎದುರಿಗೆ ಕೂತಳು. ಪೀಡೆ ಕಳೆಯಲೆಂದು ಒನೋಫ್ರಿಯಾ ಒಂದು ಚಮಚ ಬಾಯಿಗಿಟ್ಟಳು.

"ಅಕ್ಕಾ, ಉಪ್ಪೇ ಇಲ್ಲ."

"ಹೌದೇನೇ? ಮರೆತೆ ಕಣೇ. ನಿನ್ನ ಮನೇಲಿಲ್ವಾ?"

"ಇದೆ."

"ಮತ್ತೆ? ನನಗೆ ಮಂಡಿನೋವು. ನೀನೇ ತಗೋ."

ಒನೋಫ್ರಿಯಾ ಸಿಟ್ಟಿನಿಂದ ಎದ್ದಳು. ಅಡುಗೆಮನೆಯಲ್ಲಿ ಬೆಕ್ಕು ಖಾಲಿ ತಟ್ಟೆ ನೆಕ್ಕುತ್ತಿತ್ತು. ಅದಕ್ಕಿಷ್ಟು ಹಾಲು ಹಾಕಿದಳು. ಮುಗ್ಗಲು ಹಿಡಿದ ಬ್ರೆಡ್ಡು ಎಸೆದಳು. ಕಿಟಕಿ ತೆರೆದಳು. ಉಪ್ಪು ಹಿಡಿದು ಬರುವಷ್ಟರಲ್ಲಿ ಸಾರು ಆರಿಹೋಗಿತ್ತು, ನಿಂಫಾ ಕೂತಲ್ಲೇ ತೂಕಡಿಸುತ್ತಿದ್ದಳು.

*

ನಿಂಫಾಳನ್ನು ಹೂಳಿ ಬಂದ ಸಂಜೆ ಬಾರ್ತೊಲೊ ಮತ್ತೆ ಅದೇ ಕುರ್ಚಿಯಲ್ಲಿದ್ದ. ಕತೇನಾಳ ಮೀನು ಮೇಜಿನ ಮೇಲೆ ತಣ್ಣಗಾಗುತ್ತಿತ್ತು.

"ಒಂದೇ ಒಂದು ತಿನ್ನಣ್ಣ. ಇದರಲ್ಲಿ ಏನೂ ಕಮ್ಮಿಯಿಲ್ಲ," ಎಂದಳು ಕತೇನಾ.

"ಏನೂ ಕಮ್ಮಿಯಿಲ್ಲಮ್ಮ," ಎಂದು ಒಪ್ಪಿಕೊಂಡು ಬಾರ್ತೊಲೊ ತಟ್ಟೆ ಸರಿಸಿದ.

ಒನೋಫ್ರಿಯಾ ಸಾರಿನ ಪಾತ್ರೆ ತಂದಿಟ್ಟು ಬಟ್ಟಲಿಗೆ ಬಗ್ಗಿಸಿದಳು. "ತಿನ್ನು ಅನ್ನಲ್ಲಣ್ಣ. ನಿಂಫಕ್ಕನ ಸಾರಿನ ಹಾಗೆ ಮಾಡೋಕೆ ನೋಡಿದೀನಿ. ಬಂದಿದ್ಯಾ, ಇಲ್ವಾ, ಅಷ್ಟು ಹೇಳು."

ಹೆಂಡತಿಯ ಅಡುಗೆಯ ವಿಷಯ ಬಂದರೆ ತೀರ್ಪು ಕೊಡುವುದು ಅವನ ಹಳೇ ಚಾಳಿ. ಚಮಚ ಎತ್ತಿದ.

"ಎಲ್ಲಿ ಬಂತು? ಉಪ್ಪೇ ಇಲ್ಲ."

"ಹೌದಾ? ಮರೆತೆ. ನಿಮ್ಮನೇಲಿಲ್ವಾ?"

ತರಲೆಂದು ಕತೇನಾ ಧಡಕ್ಕನೆ ಎದ್ದಳು. ಒನೋಫ್ರಿಯಾ ಅವಳ ಶಾಲು ಹಿಡಿದು ಕೂರಿಸಿದಳು. "ನಮಗೆ ಮಂಡಿನೋವು ಅಣ್ಣ. ಏರು ಹತ್ತಿ ಬಂದಿದೀವಿ."

ಬಾರ್ತೊಲೊ ಇಬ್ಬರನ್ನೂ ನೋಡಿದ. ಮೇಜಿಗೆ ಕೈಯೂರಿ, ನರಳುತ್ತ, ಎದ್ದ.

ಅಡುಗೆಮನೆಯಿಂದ ಕಪಾಟುಗಳ ಸದ್ದು ಒಂದೊಂದಾಗಿ ಬಂತು.

"ಉಪ್ಪು ಎಲ್ಲಿಡ್ತಿದ್ಲು ಇವಳು?"

ಕತೇನಾ ಬಾಯಿ ತೆರೆದಳು. ಶಾಲಿನ ಮೇಲಿನ ಹಿಡಿತ ಬಿಗಿಯಾಯಿತು. ನಿಂಫಾಳ ಸಾರಿಗೆ ಉಪ್ಪು ಯಾಕಿರುತ್ತಿರಲಿಲ್ಲವೆಂದು ಅವಳಿಗೆ ಆಗ ಅರ್ಥವಾಗಿರಬೇಕು; ಬಾಯಿ ಮುಚ್ಚಿದಳು.

ಬಹಳ ಹೊತ್ತಿನ ಮೇಲೆ ಅವನು ಕೇಪರ್ ಜಾಡಿಯನ್ನು ಎದೆಗೊತ್ತಿಕೊಂಡು ಬಂದ. ನಿಂಫಾ ಈ ಬೇಸಿಗೆಯಲ್ಲಿ ತುಂಬಿಟ್ಟ ಜಾಡಿ. ಮುಚ್ಚಳ ತೆಗೆದು, ಮೊಗ್ಗುಗಳ ಸಂದಿಯಿಂದ ಉಪ್ಪನ್ನು ಬೆರಳಲ್ಲೇ ಕೆರೆದು ಸಾರಿಗೆ ಹಾಕಿದ. ನಾಲ್ಕಾರು ಮೊಗ್ಗುಗಳೂ ಜಾರಿ ಬಿದ್ದವು.

ಉಪ್ಪು ಹೆಚ್ಚಾಯಿತು. ಬಟ್ಟಲು ಖಾಲಿಯಾಯಿತು.